ಧ್ವನಿಮುದ್ರಣದಲ್ಲಿ ಸಿಗ್ನಲ್ ಮಟ್ಟ: ದೋಷದ ಮೂಲವನ್ನು ಗುರುತಿಸುವ ಬಗೆ

ಹೊರನಾಡಿನ ಕನ್ನಡಿಗರಲ್ಲಿ ಹಿರಿಯರ ಹಾಡು, ಗಮಕ ವಾಚನ, ಊರಿನ ನೆನಪುಗಳನ್ನು ಮನೆಯಲ್ಲಿಯೇ ಧ್ವನಿಮುದ್ರಿಸಿಕೊಳ್ಳುವ ಹವ್ಯಾಸ ಬೆಳೆದಿದೆ. ಮೈಕ್, ಮಿಕ್ಸರ್, ಆಡಿಯೋ ಇಂಟರ್‌ಫೇಸ್‌ಗಳನ್ನು ಜೋಡಿಸಿದ ಮೇಲೆ ಧ್ವನಿ ಕ್ಷೀಣವಾಗುವುದು, ಒಡೆದು ಕೇಳಿಸುವುದು, ಹಿನ್ನೆಲೆಯಲ್ಲಿ ಗುಂಯ್‌ಗುಡುವುದು ಸಾಮಾನ್ಯ ದೂರುಗಳು. ಅನೇಕ ಸಂದರ್ಭಗಳಲ್ಲಿ ಉಪಕರಣ ಕೆಟ್ಟಿರುವುದಿಲ್ಲ. ಒಂದು ಉಪಕರಣ ಕೊಡುವ ವೋಲ್ಟೇಜಿಗೂ ಮುಂದಿನದು ನಿರೀಕ್ಷಿಸುವ ವೋಲ್ಟೇಜಿಗೂ ಹೊಂದಿಕೆ ಇರುವುದಿಲ್ಲ, ಅಷ್ಟೆ.

ವೈದ್ಯನಾದ ನನಗೆ ಇದು ಅಪರಿಚಿತ ವಿಷಯವಲ್ಲ. ಎದೆಯ ಮೇಲಿನ ಚರ್ಮದಿಂದ ಇಸಿಜಿ ಯಂತ್ರಕ್ಕೆ ದೊರೆಯುವ ಸಿಗ್ನಲ್ ಸುಮಾರು 1 ಮಿಲಿವೋಲ್ಟ್ ಮಾತ್ರ. ಇಸಿಜಿಯನ್ನು ಓದುವ ಮುನ್ನ 1 ಮಿಲಿವೋಲ್ಟಿಗೆ 10 ಮಿಲಿಮೀಟರ್ ಎಂಬ ಅಳತೆಯ ಗುರುತನ್ನು ನೋಡುತ್ತೇವೆ. ಅಳತೆ ಅರ್ಧಕ್ಕಿಳಿದಿದ್ದರೆ ಆರೋಗ್ಯವಂತ ಹೃದಯದ ಗೆರೆಯೂ ದುರ್ಬಲವಾಗಿ ಕಾಣುತ್ತದೆ. ಧ್ವನಿ ಉಪಕರಣಗಳಲ್ಲಿಯೂ ಮೊದಲು ತಿಳಿಯಬೇಕಾದದ್ದು ಅಳತೆಯನ್ನೇ.

ನಾಲ್ಕು ಮಟ್ಟಗಳು

ಮೈಕ್ ಮಟ್ಟವು ಕೆಲವೇ ಮಿಲಿವೋಲ್ಟ್‌ಗಳದು. ಅದನ್ನು ಬಳಕೆಗೆ ತರಲು ಪ್ರಿಆಂಪ್ ಸಾಮಾನ್ಯವಾಗಿ 40ರಿಂದ 60 ಡೆಸಿಬೆಲ್, ಅಂದರೆ ನೂರರಿಂದ ಸಾವಿರ ಪಟ್ಟು, ಹೆಚ್ಚಿಸಬೇಕಾಗುತ್ತದೆ.

ಎರಡನೆಯದು ವಾದ್ಯದ ಮಟ್ಟ. ಪಿಟೀಲು, ವೀಣೆಗಳಿಗೆ ಅಂಟಿಸುವ ಪೀಜೋ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇಂಪೀಡೆನ್ಸ್‌ನ ಇನ್‌ಪುಟ್ ಬೇಕು. ಸಾಮಾನ್ಯ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದರೆ ಮಂದ್ರಸ್ಥಾಯಿಯ ತುಂಬುತನ ಹೋಗಿ ನಾದ ತೆಳುವಾಗುತ್ತದೆ.

ಮೂರನೆಯದಾದ ಲೈನ್ ಮಟ್ಟದಲ್ಲಿ ಎರಡು ಬಗೆ. ಸ್ಟುಡಿಯೋ ಉಪಕರಣಗಳದು ಪ್ಲಸ್ 4 ಡಿಬಿಯು, ಅಂದರೆ 1.23 ವೋಲ್ಟ್. ಗೃಹಬಳಕೆಯ ಉಪಕರಣಗಳದು ಮೈನಸ್ 10 ಡಿಬಿವಿ, ಅಂದರೆ 0.316 ವೋಲ್ಟ್. ಮೊದಲನೆಯ ಅಳತೆ 0.775 ವೋಲ್ಟನ್ನೂ ಎರಡನೆಯದು 1 ವೋಲ್ಟನ್ನೂ ಆಧಾರವಾಗಿ ಇಟ್ಟುಕೊಂಡಿರುವುದರಿಂದ ಇವುಗಳ ನಡುವಣ ಅಂತರ 14 ಅಲ್ಲ, ಸುಮಾರು 12 ಡೆಸಿಬೆಲ್.

ಕೊನೆಯದು ಆಂಪ್ಲಿಫಯರ್‌ನಿಂದ ಸ್ಪೀಕರ್‌ಗೆ ಹೋಗುವ ಮಟ್ಟ. ಇದು ಹತ್ತಾರು ವೋಲ್ಟ್ ಇರಬಹುದು. ಇದನ್ನು ಮಿಕ್ಸರ್‌ನ ಇನ್‌ಪುಟ್‌ಗೆ ಎಂದಿಗೂ ಜೋಡಿಸಬಾರದು.

ಲಕ್ಷಣಗಳು ಮತ್ತು ಕಾರಣಗಳು

ಧ್ವನಿ ಕ್ಷೀಣವಾಗಿದ್ದರೆ ಗೃಹಬಳಕೆಯ ಮಟ್ಟದ ಸಿಗ್ನಲ್ ಸ್ಟುಡಿಯೋ ಮಟ್ಟದ ಇನ್‌ಪುಟ್‌ಗೆ ಹೋಗುತ್ತಿರಬಹುದು. ಅನೇಕ ಉಪಕರಣಗಳಲ್ಲಿ ಈ ಎರಡು ಮಟ್ಟಗಳ ನಡುವೆ ಬದಲಿಸುವ ಸ್ವಿಚ್ ಇರುತ್ತದೆ.

ಧ್ವನಿ ಒಡೆಯುತ್ತಿದ್ದರೆ ಲೈನ್ ಸಿಗ್ನಲ್ ಮೈಕ್ ಇನ್‌ಪುಟ್‌ಗೆ ಹೋಗುತ್ತಿದೆಯೇ ಎಂದು ನೋಡಬೇಕು. ಹೌದಾದರೆ ಲೈನ್ ಇನ್‌ಪುಟ್‌ಗೆ ಬದಲಿಸಬೇಕು, ಇಲ್ಲವೇ ಪ್ಯಾಡ್ ಒತ್ತಬೇಕು. 20 ಡೆಸಿಬೆಲ್ ಪ್ಯಾಡ್ ವೋಲ್ಟೇಜನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸುತ್ತದೆ.

ಫೋನಿನ ತಂಬೂರಿ ಶ್ರುತಿಯನ್ನು ಮಿಕ್ಸರ್‌ಗೆ ಕೊಟ್ಟಾಗ ಅದು ಹೆಚ್ಚುಕಡಿಮೆ ಮಾಯವಾಗುವುದು ವಿಚಿತ್ರವೆನಿಸುವ ತೊಂದರೆ. ಬ್ಯಾಲೆನ್ಸ್ಡ್ ಕೇಬಲ್‌ನ ಎರಡು ತಂತಿಗಳಲ್ಲಿ ಒಂದೇ ಸಿಗ್ನಲ್ ವಿರುದ್ಧ ಧ್ರುವತೆಯಲ್ಲಿ ಸಾಗುತ್ತದೆ. ಇನ್‌ಪುಟ್ ಅವುಗಳ ವ್ಯತ್ಯಾಸವನ್ನಷ್ಟೇ ಸ್ವೀಕರಿಸುವುದರಿಂದ ಎರಡಕ್ಕೂ ಸಮನಾಗಿ ಸೇರಿದ ಗದ್ದಲ ಕಳೆದುಹೋಗುತ್ತದೆ. ಗೋಡೆಯ ವಿದ್ಯುತ್ತಿನಿಂದ ಬರುವ ಗದ್ದಲವನ್ನು ಇಸಿಜಿ ಯಂತ್ರ ಕಳೆಯುವುದೂ ಇದೇ ತತ್ವದಿಂದ. ಆದರೆ ಫೋನಿನ ಸ್ಟೀರಿಯೋ ಪ್ಲಗ್ಗನ್ನು ಅಂತಹ ಇನ್‌ಪುಟ್‌ಗೆ ಕೊಟ್ಟರೆ ಎಡ, ಬಲ ಎರಡರಲ್ಲಿಯೂ ಸಮನಾಗಿರುವ ಶ್ರುತಿಯೇ ಗದ್ದಲದಂತೆ ಕಳೆದುಹೋಗುತ್ತದೆ. ಎಡಬಲಗಳನ್ನು ಬೇರ್ಪಡಿಸುವ ಕೇಬಲ್ ಬಳಸಿ ಎರಡು ಇನ್‌ಪುಟ್‌ಗಳಿಗೆ ಕೊಡುವುದೇ ಪರಿಹಾರ.

ಗುಂಯ್‌ಗುಡುವ ಸದ್ದು ಭಾರತ, ಬ್ರಿಟನ್‌ಗಳಲ್ಲಿ 50, ಅಮೆರಿಕದಲ್ಲಿ 60 ಹರ್ಟ್ಸ್ ವಿದ್ಯುತ್ತಿನಿಂದ ಬರುತ್ತದೆ. ಉಪಕರಣಗಳನ್ನು ಒಂದೇ ವಿದ್ಯುತ್ ಮೂಲಕ್ಕೆ ಜೋಡಿಸುವುದು, ಬ್ಯಾಲೆನ್ಸ್ಡ್ ಕೇಬಲ್ ಬಳಸುವುದು, ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಸೇರಿಸುವುದು ಸುರಕ್ಷಿತ ಉಪಾಯಗಳು. ಪ್ಲಗ್ಗಿನ ಅರ್ತ್ ಪಿನ್ನನ್ನು ಕಿತ್ತರೆ ಸದ್ದು ನಿಲ್ಲಬಹುದು, ಆದರೆ ಮೈಕ್ ಹಿಡಿದವರ ಪ್ರಾಣಕ್ಕೆ ಅಪಾಯ. ವೈದ್ಯನಾಗಿ ಇದನ್ನು ಒತ್ತಿ ಹೇಳಬಯಸುತ್ತೇನೆ.

ಪರೀಕ್ಷೆಯ ಕ್ರಮ

ಮೂಲದಿಂದ ಆರಂಭಿಸಿ ಒಂದೊಂದೇ ಹಂತವನ್ನು ಪರಿಶೀಲಿಸಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂತೆಂದು ತಿಳಿಯದು. ಮೊದಲು ಕೇಬಲ್, ನಂತರ ಇನ್‌ಪುಟ್‌ನ ಆಯ್ಕೆ, ಆಮೇಲೆ ಗೇನ್, ಕೊನೆಗೆ ಫೇಡರ್.

ಈ ಕ್ರಮಕ್ಕೆ ಕಾರಣವಿದೆ. ಮೊದಲ ಹಂತದಲ್ಲಿಯೇ ಒಡೆದ ಧ್ವನಿ ಮುಂದಿನ ಫೇಡರ್ ಇಳಿಸಿದರೆ ಸಣ್ಣದಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ಮೊದಲ ಹಂತದಲ್ಲಿ ಕ್ಷೀಣವಾಗಿದ್ದ ಧ್ವನಿಯನ್ನು ಕೊನೆಯಲ್ಲಿ ಏರಿಸಿದರೆ ಅದರೊಂದಿಗೆ ಗದ್ದಲವೂ ಏರುತ್ತದೆ. ದೋಷ ಹುಟ್ಟಿದ ಹಂತದಲ್ಲಿಯೇ ಚಿಕಿತ್ಸೆ ನಡೆಯಬೇಕು.

ಡಿಜಿಟಲ್ ಮುದ್ರಣದಲ್ಲಿ 0 ಡಿಬಿಎಫ್‌ಎಸ್ ಎಂಬುದೇ ಕೊನೆಯ ಗಡಿ. ಅದನ್ನು ಮೀರಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. 24 ಬಿಟ್‌ನಲ್ಲಿ ಮುದ್ರಿಸುವಾಗ ಸರಾಸರಿ ಮಟ್ಟವನ್ನು ಮೈನಸ್ 18ರ ಆಸುಪಾಸಿನಲ್ಲಿರಿಸಿ, ಅತಿ ಎತ್ತರದ ಸ್ವರವೂ ಮೈನಸ್ 6ನ್ನು ದಾಟದಂತೆ ಗೇನ್ ಹೊಂದಿಸಬೇಕು. ಹಾಡುವವರು ತಾರಸ್ಥಾಯಿಗೆ ಏರಿ ಹಾಡಿದಾಗಲೇ ಈ ಹೊಂದಾಣಿಕೆ ಮಾಡಬೇಕು, ಮೆಲುದನಿಯಲ್ಲಿ ಮಾತನಾಡುವಾಗಲ್ಲ. ನಂತರ ಒಂದು ನಿಮಿಷ ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಎಂಬತ್ತು ದಾಟಿದ ಅಜ್ಜಿ ನೆನಪಿನಿಂದ ಹಾಡುವ ಸೋಬಾನೆ ಪದವನ್ನು ಅದೇ ಉಸಿರಿನಲ್ಲಿ ಮತ್ತೊಮ್ಮೆ ಹಾಡೆನ್ನಲಾಗದು.