‘ಸಲಾನ್’: ಕಾಗದವಿಲ್ಲದ ಪತ್ರಿಕೆಯೊಂದರ ಜಮಾ-ಖರ್ಚು

ಮುದ್ರಣಯಂತ್ರ, ಕಾಗದ, ಅಂಚೆ ಇವಾವುವೂ ಬೇಡವೆಂದಾದರೆ ಪತ್ರಿಕೆ ನಡೆಸುವುದು ಬಲು ಸುಲಭವೆಂಬ ನಂಬಿಕೆ ಅಂತರಜಾಲದ ಆರಂಭದ ದಿನಗಳಲ್ಲಿ ಬಹಳ ಮಂದಿಗಿತ್ತು. ಆ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಬೇಕಾದರೆ ಅಮೆರಿಕದ ‘ಸಲಾನ್’ ಪತ್ರಿಕೆಯ ಇತಿಹಾಸವನ್ನು ಓದಬೇಕು.

1994ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ಕ್ರಾನಿಕಲ್’ ಮತ್ತು ‘ಎಕ್ಸಾಮಿನರ್’ ದಿನಪತ್ರಿಕೆಗಳ ನೌಕರರು ಮುಷ್ಕರ ಹೂಡಿದರು. ಮುಷ್ಕರ ನಿರತ ಪತ್ರಕರ್ತರು ಸುಮ್ಮನೆ ಕೂರದೆ ಅಂತರಜಾಲದಲ್ಲಿ ತಮ್ಮದೇ ಪತ್ರಿಕೆಯನ್ನು ಹೊರತಂದರು. ಮಾಲೀಕರ ಮುದ್ರಣಯಂತ್ರವಿಲ್ಲದೆಯೂ ಓದುಗರನ್ನು ತಲುಪಬಹುದೆಂದು ಅಂದು ಸಿದ್ಧವಾಯಿತು. ಮರುವರ್ಷವೇ, ಅಂದರೆ 1995ರ ನವೆಂಬರಿನಲ್ಲಿ, ‘ಎಕ್ಸಾಮಿನರ್’ ಬಿಟ್ಟುಬಂದ ಡೇವಿಡ್ ಟಾಲ್ಬಟ್ ಕೆಲವು ಸಂಗಡಿಗರೊಡನೆ ‘ಸಲಾನ್’ ಆರಂಭಿಸಿದರು.

ಹೆಸರು ಕೇಳಿ ನಗಬೇಡಿ. ನಮ್ಮಲ್ಲಿ ಕ್ಷೌರದಂಗಡಿಗೆ ಹೇಳುವ ‘ಸೆಲೂನ್’ ಪದದ ಮೂಲವೂ ಇದೇ ಫ್ರೆಂಚ್ ಪದ. ಹದಿನೇಳು, ಹದಿನೆಂಟನೆಯ ಶತಮಾನಗಳ ಪ್ಯಾರಿಸ್ಸಿನಲ್ಲಿ ಸುಶಿಕ್ಷಿತ ಮಹಿಳೆಯರು ತಮ್ಮ ಮನೆಯ ಹಜಾರದಲ್ಲಿ ಲೇಖಕರನ್ನೂ ಚಿಂತಕರನ್ನೂ ಸೇರಿಸಿ ನಡೆಸುತ್ತಿದ್ದ ಗೋಷ್ಠಿಗಳಿಗೆ ಆ ಹೆಸರಿತ್ತು. ಪತ್ರಿಕೆಯ ಸ್ವಭಾವವೂ ಅದಕ್ಕೆ ತಕ್ಕಂತೆಯೇ ಇತ್ತು. ರಾಜಕೀಯ ವರದಿಯ ಪಕ್ಕದಲ್ಲೇ ಪುಸ್ತಕ ವಿಮರ್ಶೆ, ಚಲನಚಿತ್ರ ಚರ್ಚೆ, ‘ಯೋಚಿಸುವ ತಾಯಂದಿರು’ ಎಂಬರ್ಥದ ಅಂಕಣ; ಕಮಿಲ್ ಪಾಲಿಯಾ, ಆನ್ ಲಮಾಟ್‌ರಂಥ ಪರಸ್ಪರ ಹೋಲಿಕೆಯೇ ಇಲ್ಲದ ಬರಹಗಾರರು.

ಒಡೆಯನ ಅಂಕುಶವಿಲ್ಲದ ಪತ್ರಿಕೆಯ ಧೈರ್ಯ ಕೆಲವೊಮ್ಮೆ ದುಡುಕಾಗುವುದೂ ಉಂಟು. 1998ರ ಸೆಪ್ಟೆಂಬರಿನಲ್ಲಿ, ವಿವಾಹೇತರ ಸಂಬಂಧವೊಂದನ್ನು ಮುಚ್ಚಿಡಲು ಸುಳ್ಳು ಹೇಳಿದರೆಂಬ ಆರೋಪ ಅಧ್ಯಕ್ಷ ಕ್ಲಿಂಟನ್ ಅವರ ಮೇಲಿದ್ದಾಗ, ಆ ವಿಚಾರವನ್ನು ಪರಿಶೀಲಿಸಬೇಕಿದ್ದ ಸಮಿತಿಯ ಅಧ್ಯಕ್ಷ ಹೆನ್ರಿ ಹೈಡ್ ಅವರೇ 1960ರ ದಶಕದಲ್ಲಿ ವಿವಾಹಿತೆಯೊಬ್ಬರ ಸಂಬಂಧದಲ್ಲಿದ್ದರೆಂದು ‘ಸಲಾನ್’ ಪ್ರಕಟಿಸಿತು. ಹೈಡ್ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಪ್ರಕಟಣೆಯನ್ನು ವಿರೋಧಿಸಿದ ಪತ್ರಿಕೆಯ ವಾಷಿಂಗ್ಟನ್ ವಿಭಾಗದ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. ಅಧಿಕಾರಸ್ಥನ ಕಪಟವನ್ನು ಬಯಲಿಗೆಳೆಯುವುದಕ್ಕೂ ಒಂದು ಕುಟುಂಬದ ಹಳೆಯ ನೋವನ್ನು ಬೀದಿಗೆ ತರುವುದಕ್ಕೂ ನಡುವಣ ಗೆರೆ ಬಹು ತೆಳುವಾದುದು. ಪತ್ರಿಕೆ ಅಂದು ಆ ಗೆರೆಯನ್ನು ದಾಟಿತೆಂದೇ ನನ್ನ ಅಭಿಪ್ರಾಯ.

ಇನ್ನು ಹಣದ ಮಾತು. 1999ರ ಜೂನಿನಲ್ಲಿ ಕಂಪನಿಯು ತಲಾ 10.50 ಡಾಲರಿನಂತೆ 25 ಲಕ್ಷ ಷೇರುಗಳನ್ನು ಮಾರಿತು. ಮರುವರ್ಷ ಅಂತರಜಾಲ ಕಂಪನಿಗಳ ಷೇರುಪೇಟೆ ಕುಸಿಯಿತು, ಜಾಹೀರಾತುಗಳು ಬತ್ತಿದವು. 2001ರಲ್ಲಿ ಪತ್ರಿಕೆ ವರ್ಷಕ್ಕೆ 30 ಡಾಲರ್ ಚಂದಾ ಕೇಳಿತು. ಮೈಕ್ರೋಸಾಫ್ಟ್ ಆಶ್ರಯದಲ್ಲಿ ಹುಟ್ಟಿದ ಪ್ರತಿಸ್ಪರ್ಧಿ ‘ಸ್ಲೇಟ್’ 1998ರಲ್ಲಿ ಇದೇ ದಾರಿ ಹಿಡಿದು, ಓದುಗರು ಬಾರದೆ ಮರುವರ್ಷ ಹಿಂದೆಗೆದಿತ್ತು. ‘ಸಲಾನ್’ಗೆ ಅಂಥ ಶ್ರೀಮಂತ ಆಸರೆ ಇರಲಿಲ್ಲ. 2002ರಲ್ಲಿ ನಾಸ್ಡಾಕ್ ಷೇರುಪೇಟೆ ಅದನ್ನು ಪಟ್ಟಿಯಿಂದ ಕೈಬಿಟ್ಟಿತು. ಕಚೇರಿಯ ಬಾಡಿಗೆ ಕಟ್ಟಲೂ ಹಣವಿಲ್ಲವೆಂಬುದು 2003ರಲ್ಲಿ ಬಹಿರಂಗವಾಯಿತು. ಟಾಲ್ಬಟ್ 2005ರಲ್ಲಿ ಸಂಪಾದಕ ಸ್ಥಾನ ತೊರೆದರು.

ಅಷ್ಟು ಬಡತನದಲ್ಲಿಯೂ ಆ ಪತ್ರಿಕೆ ತನ್ನ ಅತ್ಯುತ್ತಮ ಕಾರ್ಯವೊಂದನ್ನು ಮಾಡಿತೆಂಬುದೇ ಗಮನಿಸಬೇಕಾದ ಸಂಗತಿ. 2006ರ ಮಾರ್ಚಿನಲ್ಲಿ ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ ಅಮೆರಿಕನ್ ಸೈನಿಕರು ಕೈದಿಗಳಿಗೆ ಕೊಟ್ಟ ಹಿಂಸೆಯ 279 ಛಾಯಾಚಿತ್ರಗಳನ್ನೂ 19 ವಿಡಿಯೋಗಳನ್ನೂ ವಿವರಣೆಸಹಿತ ಪ್ರಕಟಿಸಿತು. ತನ್ನದೇ ದೇಶದ ಸೇನೆಯ ಅಪರಾಧವನ್ನು ದಾಖಲೆಯಾಗಿ ಉಳಿಸಿತು.

ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ಮಕ್ಕಳ ಲಸಿಕೆಗಳಲ್ಲಿ ಬಳಸುತ್ತಿದ್ದ ಪಾದರಸದ ಸಂಯುಕ್ತಕ್ಕೂ ಆಟಿಸಂಗೂ ನಂಟಿದೆಯೆಂದು ರಾಬರ್ಟ್ ಎಫ್. ಕೆನಡಿ ಜೂನಿಯರ್ ಬರೆದ ಲೇಖನವನ್ನು 2005ರಲ್ಲಿ ‘ರೋಲಿಂಗ್ ಸ್ಟೋನ್’ ಜೊತೆಗೆ ‘ಸಲಾನ್’ ಕೂಡ ಪ್ರಕಟಿಸಿತು. ತಿದ್ದುಪಡಿಯ ಮೇಲೆ ತಿದ್ದುಪಡಿ ಹಾಕಬೇಕಾಯಿತು. ಕೊನೆಗೆ 2011ರ ಜನವರಿಯಲ್ಲಿ, ತಿದ್ದುಪಡಿ ಸಾಲದೆಂದು ಒಪ್ಪಿ, ಲೇಖನವನ್ನೇ ತೆಗೆದುಹಾಕಿತು. ಅದರ ಲೇಖಕರು 2025ರಲ್ಲಿ ಅಮೆರಿಕದ ಆರೋಗ್ಯ ಕಾರ್ಯದರ್ಶಿಯಾದರು. ಪತ್ರಿಕೆ ಹಿಂದಕ್ಕೆ ಪಡೆದರೂ ಮಾತು ಹಿಂದಕ್ಕೆ ಬರುವುದಿಲ್ಲ. ಆದರೂ ಹಿಂದಕ್ಕೆ ಪಡೆಯುವುದು ಪತ್ರಿಕೆಯ ಧರ್ಮವೇ ಸರಿ.

ಹಣದ ಹುಡುಕಾಟ ಮಾತ್ರ ಮುಗಿಯಲಿಲ್ಲ. 2018ರಲ್ಲಿ, ಜಾಹೀರಾತು ಬೇಡವೆನ್ನುವ ಓದುಗರು ತಮ್ಮ ಗಣಕಯಂತ್ರದ ಶಕ್ತಿಯನ್ನು ಡಿಜಿಟಲ್ ನಾಣ್ಯ ತಯಾರಿಕೆಗೆ ಬಿಟ್ಟುಕೊಡಬಹುದೆಂಬ ಯೋಜನೆಯನ್ನೂ ಹೂಡಿತು. 2019ರಲ್ಲಿ ಇಡೀ ಪತ್ರಿಕೆ ಮಾರಾಟವಾದದ್ದು 50 ಲಕ್ಷ ಡಾಲರಿಗೆ. ಇಪ್ಪತ್ತು ವರ್ಷಗಳ ಹಿಂದೆ ಷೇರು ಮಾರಿ ಎತ್ತಿದ ಹಣದ ಐದನೆಯ ಒಂದು ಪಾಲೂ ಅದಲ್ಲ!

ಕಾಗದದ ಖರ್ಚು ಉಳಿಯಿತು, ನಿಜ. ಆದರೆ ವರದಿಗಾರನ ಸಂಬಳ, ಸತ್ಯವನ್ನು ಪರಿಶೀಲಿಸುವ ಶ್ರಮ, ತಪ್ಪನ್ನು ಒಪ್ಪಿಕೊಳ್ಳುವ ಬಿಡುವು ಇವುಗಳ ಖರ್ಚು ಉಳಿಯಲಿಲ್ಲ. ಅದನ್ನು ಓದುಗ ಕೊಡದಿದ್ದರೆ ಜಾಹೀರಾತುದಾರ ಕೊಡುತ್ತಾನೆ, ಇಲ್ಲವೇ ಶ್ರೀಮಂತನೊಬ್ಬ ಕೊಡುತ್ತಾನೆ. ಕೊಟ್ಟವನ ಮಾತು ಒಂದಲ್ಲ ಒಂದು ದಿನ ಪುಟದ ಮೇಲೆ ಬರುತ್ತದೆ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಸುದ್ದಿ ಓದುವ ನನ್ನ ವಿದ್ಯಾರ್ಥಿಮಿತ್ರರು, ತಾವು ಮೆಚ್ಚುವ ಯಾವುದಾದರೂ ಒಂದು ಪತ್ರಿಕೆಗೆ ಚಂದಾ ಕಟ್ಟುವ ವಿಚಾರ ಮಾಡಲಿ ಎಂಬುದು ಈ ಮೇಷ್ಟರ ಕೋರಿಕೆ.