ಸ್ಪೀಕರ್ ಮೂಲೆಗಿಟ್ಟು ಗೋಡೆಗೆ ನಾರಿನ ಮ್ಯಾಟ್ ಹೊಡೆದರೆ ಸೌಂಡ್ ಸುಧಾರಿಸುತ್ತದೆಯೇ?

ಟವರ್ ಸ್ಪೀಕರ್‌ಗಳನ್ನು ಎರಡು ಮೂಲೆಗೆ ಒತ್ತಿ ಇಟ್ಟರೆ ಬೇಸ್ ಹೆಚ್ಚುತ್ತದೆ, ಗೋಡೆಗೆ ಮೊಟ್ಟೆ ಟ್ರೇ ಅಥವಾ ತೆಂಗಿನ ನಾರಿನ ಮ್ಯಾಟ್ ಹೊಡೆದರೆ ರೂಮು ಸೌಂಡ್‌ಪ್ರೂಫ್ ಆಗುತ್ತದೆ ಎಂಬ ಸಲಹೆ ನಿಮಗೂ ಬಂದಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ನಾರಿಗೆ ಬರವಿಲ್ಲ. ಮಾಡಿಯೇ ನೋಡೋಣ ಅನ್ನಿಸುವುದು ಸಹಜ. ಆದರೆ ಮೊದಲ ಮಾತು ಅರ್ಧ ನಿಜ. ಎರಡನೆಯದು ಸುಳ್ಳು, ಜೊತೆಗೆ ಅಪಾಯ.

ಮೂಲೆಯಲ್ಲಿ ಬೇಸ್ ಹೆಚ್ಚುವುದು ನಿಜ. ಕೆಳದನಿ ಸ್ಪೀಕರಿನ ಮುಂದಕ್ಕಷ್ಟೇ ಹೋಗದೆ ಸುತ್ತಲೂ ಹರಡುತ್ತದೆ, ಗೋಡೆಗೆ ಬಡಿದು ವಾಪಸ್ ಬಂದು ಸೇರಿಕೊಳ್ಳುತ್ತದೆ. ತೊಂದರೆ ಏನೆಂದರೆ, ಎಲ್ಲ ಸ್ವರವೂ ಸಮವಾಗಿ ಹೆಚ್ಚುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಆ ಲೆಕ್ಕದಲ್ಲಿ 47 ಹರ್ಟ್ಜ್‌ನ ಅಲೆಯ ಉದ್ದ 24 ಅಡಿ. ನಿಮ್ಮ ಹಾಲ್ 12 ಅಡಿ ಉದ್ದವಿದ್ದರೆ ಸರಿಯಾಗಿ ಅರ್ಧ ಅಲೆ ಎರಡು ಗೋಡೆಗಳ ನಡುವೆ ಕೂರುತ್ತದೆ. ಆ ಸ್ವರ ಉಬ್ಬಿ, ಬೇಗ ನಿಲ್ಲದೆ ಗುಂಯ್‌ಗುಡುತ್ತದೆ. ಮೂಲೆಯ ಸ್ಪೀಕರ್ ಅದನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತದೆ. ತಬಲಾ, ಡೋಲುಗಳ ಪೆಟ್ಟು ಬಿಡಿಬಿಡಿಯಾಗಿ ಕೇಳದೆ ಕಲಸಿಹೋಗುವುದು ಹೀಗೆ. ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಆರ್‌ಸಿಸಿ ಛಾವಣಿಯ ಮನೆಯಲ್ಲಿ ಇದು ಜಾಸ್ತಿ. ಹೆಂಚಿನ ಮನೆಯಲ್ಲಿ ಒಂದಷ್ಟು ಬೇಸ್ ಮೇಲಿನಿಂದ ಸೋರಿಹೋಗುತ್ತದೆ.

ನೀವು ಕೂರುವ ಜಾಗವೂ ಅಷ್ಟೇ ಮುಖ್ಯ. ಹಿಂಗೋಡೆಗೆ ಒರಗಿ ಕೂತರೆ ಅದೇ ಸ್ವರ ಅತಿ ಜೋರು. ಕೋಣೆಯ ನಟ್ಟನಡುವೆ ಕೂತರೆ ಹೆಚ್ಚುಕಡಿಮೆ ಮಾಯ. ಸ್ಪೀಕರ್ ಕೆಟ್ಟಿದೆಯೆಂದು ಅಂಗಡಿಗೆ ಹೊರುವ ಮುಂಚೆ ಕುರ್ಚಿಯನ್ನು ಎರಡಡಿ ಸರಿಸಿ ನೋಡಿ.

ಹಾಗಾದರೆ ಎಲ್ಲಿಡಬೇಕು?

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸೇರಿ ಮೂರೂ ಬದಿ ಸಮವಾದ ತ್ರಿಕೋನವಾಗಲಿ. 12 ಅಡಿ ಉದ್ದ, 10 ಅಡಿ ಅಗಲದ ಹಾಲ್‌ನಲ್ಲಿ ಸ್ಪೀಕರ್‌ಗಳು ಹಿಂದಿನ ಗೋಡೆಯಿಂದ 2 ಅಡಿ, ಪಕ್ಕದ ಗೋಡೆಗಳಿಂದ ಒಂದೂವರೆ ಅಡಿ ದೂರವಿರಲಿ. ಆಗ ಅವುಗಳ ನಡುವೆ 7 ಅಡಿ ಉಳಿಯುತ್ತದೆ. ನೀವೂ ಪ್ರತಿ ಸ್ಪೀಕರಿನಿಂದ 7 ಅಡಿ ದೂರದಲ್ಲಿ ಕೂತರೆ ನಿಮ್ಮ ಬೆನ್ನಿಗೂ 4 ಅಡಿ ಜಾಗ ಸಿಗುತ್ತದೆ. ಮೇಲ್ದನಿಯ ಸಣ್ಣ ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಸ್ಟೀರಿಯೊ ಅನ್ನುವುದೇ ಒಂದು ಕಣ್ಕಟ್ಟು, ಅಲ್ಲ, ಕಿವಿಕಟ್ಟು: 1931ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಪೇಟೆಂಟಿಗೆ ಅರ್ಜಿ ಹಾಕಿದ ಈ ವಿದ್ಯೆಯಲ್ಲಿ ಎರಡು ಕಡೆಯ ದನಿ ಸೇರಿ ಗಾಯಕ ನಡುವೆ ನಿಂತಂತೆ ಭಾಸವಾಗುತ್ತದೆ. ಗಾಯಕ ಒಂದು ಪಕ್ಕಕ್ಕೆ ಸರಿದಂತೆ ಕೇಳಿದರೆ ಅಳತೆ ಮತ್ತೊಮ್ಮೆ ನೋಡಿ.

ಇನ್ನು ನಾರು. ಅದು ಶಬ್ದ ಹೀರುವುದು ಸುಳ್ಳಲ್ಲ, ಮಲೇಷ್ಯಾದ ಸಂಶೋಧಕರು ಅಳೆದೇ ನೋಡಿದ್ದಾರೆ. ಆದರೆ ಕೆಳದನಿ ಹೀರಲು ಫಲಕ ದಪ್ಪವಿರಬೇಕು, ಹಿಂದೆ ಗಾಳಿಗೆ ಜಾಗವೂ ಬೇಕು. ಗೋಡೆಗೆ ಅಂಟಿಸಿದ ತೆಳು ಮ್ಯಾಟ್ ಮೇಲ್ದನಿಯನ್ನಷ್ಟೇ ತಿನ್ನುತ್ತದೆ, ಗುಂಯ್‌ಗುಡುವುದು ಹಾಗೇ ಉಳಿಯುತ್ತದೆ. ಪಕ್ಕದ ಮನೆಗೆ ಸದ್ದು ಹೋಗದಂತೆ ತಡೆಯಲು ಬೇಕಾದದ್ದು ತೂಕ, ಸಂದಿಯಿಲ್ಲದ ಗೋಡೆ. ನಾರು ತುಂಬ ಬರೀ ತೂತು, ಮೊಟ್ಟೆ ಟ್ರೇ ಬರೀ ರಟ್ಟು.

ಹಂಡೆ ಒಲೆಗೆ ಕಾಯಿಸಿಪ್ಪೆ ಹಾಕುವವರಿಗೆ ನಾರು ಹೇಗೆ ಹತ್ತಿಕೊಳ್ಳುತ್ತದೆಂದು ಹೇಳಬೇಕಿಲ್ಲ. ಅದನ್ನೇ ಸ್ವಿಚ್‌ಬೋರ್ಡ್, ಆಂಪ್ಲಿಫೈಯರ್ ಪಕ್ಕದ ಗೋಡೆಗೆ ಹೊಡೆದರೆ ಒಂದು ಕಿಡಿ ಸಾಕು. ಉಂಡೆ ಕೊಬ್ಬರಿಗೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಒಣಗುತ್ತಿರುವ ಮನೆಯಲ್ಲಂತೂ ಈ ಕೆಲಸ ಬೇಡವೇ ಬೇಡ.

ಮೇಲ್ದನಿ ಕಿವಿಗೆ ಚುಚ್ಚುತ್ತಿದ್ದರೆ, ನೀವು ಕೂತಲ್ಲೇ ಕೂತು ಇನ್ನೊಬ್ಬರಿಗೆ ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಲು ಹೇಳಿ. ಕನ್ನಡಿಯಲ್ಲಿ ಸ್ಪೀಕರ್ ಕಾಣುವ ಜಾಗದಿಂದಲೇ ದನಿ ಪುಟಿದು ಬರುವುದು. ಅಲ್ಲಿ ದಪ್ಪ ಉಣ್ಣೆ ಕಂಬಳಿಯೊಂದನ್ನು ಮಡಿಸಿ ತೂಗುಹಾಕಿ. ಉಣ್ಣೆ ನಾರಿನಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ. ನೆಲಕ್ಕೆ ಜಮಖಾನ ಸಾಕು.