ಬಲಿಪೀಠ ಮತ್ತು ಸಿಂಹಾಸನ: ಕೆಳದಿಯ ನೆಲ ಕಲಿಸುವ ಪಾಠ



ಚುನಾವಣೆ ಸಮೀಪಿಸಿದಾಗಲೆಲ್ಲ ನನ್ನಂತಹ ಗುರುಗಳ ಕಿವಿಗೆ ಎರಡು ಮಾತುಗಳು ತಪ್ಪದೆ ಬೀಳುತ್ತವೆ. “ಫಾದರ್, ಈ ಸಲ ಓಟು ಯಾರಿಗೆ ಹಾಕೋಣ?” ಎಂಬುದು ಒಂದು. “ಫಾದರ್, ನಿಮಗೇಕೆ ರಾಜಕೀಯ?” ಎಂಬುದು ಇನ್ನೊಂದು. ಮೊದಲನೆಯವರು ಗುರುವಿನಿಂದ ಅತಿಯಾಗಿ ನಿರೀಕ್ಷಿಸುತ್ತಾರೆ. ಎರಡನೆಯವರು ಏನನ್ನೂ ನಿರೀಕ್ಷಿಸುವುದಿಲ್ಲ. ಈ ಎರಡಕ್ಕೂ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ನೆಲವೇ ಅದನ್ನು ಹೇಳಬಲ್ಲದು.

ಸಾಗರದ ಬಳಿಯ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲ್ಲೂಕಿನ ನಗರ, ಅಂದರೆ ಅಂದಿನ ಬಿದನೂರು, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ: ಇವೆಲ್ಲ ಕೆಳದಿ ನಾಯಕರ ರಾಜ್ಯದ ಹೃದಯಭಾಗಗಳು. ಅರಸರು ವೀರಶೈವರು, ಆದರೂ ಶೃಂಗೇರಿಯ ಮಠಕ್ಕೆ ಉದಾರವಾಗಿ ದಾನ ಕೊಟ್ಟರು. ಘಟ್ಟದ ಕೆಳಗೆ ಕರಾವಳಿಯ ಬಹುಭಾಗವೂ ಇವರ ಆಳ್ವಿಕೆಯಲ್ಲಿತ್ತು. ಹಾಗಾಗಿ ಕನ್ನಡ ಜಿಲ್ಲೆಯ ಕ್ರೈಸ್ತರಲ್ಲಿ ಬಹುಮಂದಿಯ ಬದುಕಿನ ತೀರ್ಮಾನಗಳು ಒಂದು ಕಾಲದಲ್ಲಿ ಈ ಮಲೆನಾಡಿನ ಆಸ್ಥಾನದಲ್ಲಿಯೇ ಆಗುತ್ತಿದ್ದವು.

ಗೋವೆಯ ಪೋರ್ಚುಗೀಸರಿಗೆ ಈ ಸೀಮೆಯ ಕಾಳುಮೆಣಸು ಮತ್ತು ಅಕ್ಕಿ ಬೇಕಾಗಿದ್ದವು. 1623ರಲ್ಲಿ ಅವರ ರಾಯಭಾರಿ ಇಕ್ಕೇರಿಗೆ ಬಂದಾಗ ರೋಮಿನ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಜೊತೆಗಿದ್ದನು. ವೆಂಕಟಪ್ಪ ನಾಯಕನ ರಾಜಧಾನಿಯನ್ನು ಕುರಿತು ಅವನು ಬರೆದ ಪತ್ರಗಳು ಇಂದಿಗೂ ಇತಿಹಾಸಕಾರರಿಗೆ ಆಕರವಾಗಿವೆ. ವ್ಯಾಪಾರದ ಈ ನಂಟು ಯುದ್ಧಕ್ಕೂ ತಿರುಗಿತು. 1650ರ ದಶಕದ ಮೊದಲ ವರ್ಷಗಳಲ್ಲಿ ಶಿವಪ್ಪ ನಾಯಕನು ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. ಮುಂದೆ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1678ರಲ್ಲಿ, ಎರಡು ಕಡೆಯವರಿಗೂ ಒಪ್ಪಂದವಾಯಿತು. ಮಿರ್ಜಾನ್, ಹೊನ್ನಾವರ, ಭಟ್ಕಳ, ಕಲ್ಯಾಣಪುರ ಮೊದಲಾದೆಡೆ ಇಗರ್ಜಿ ಕಟ್ಟಲು ಅನುಮತಿ ದೊರೆತದ್ದು ಆ ಒಪ್ಪಂದದಲ್ಲಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಇಗರ್ಜಿ ಕಟ್ಟುವ ಅನುಮತಿ ವ್ಯಾಪಾರದ ಮತ್ತು ಸಂಧಿಯ ಶರತ್ತುಗಳ ನಡುವೆ ಬಂದಿತು. ಇಗರ್ಜಿ ಸಿಕ್ಕಿದ್ದು ಸಂತೋಷವೇ ಸರಿ. ಆದರೆ ಕೇಳಿದವನು ಭಕ್ತನಲ್ಲ, ಪರದೇಶದ ರಾಜಪ್ರತಿನಿಧಿ. ಇಂತಹ ಕೊಡುಗೆಗೆ ತೆರಬೇಕಾದ ಬೆಲೆ ಬೇಗನೆ ಎದುರಾಯಿತು.

ಅಂದಿನ ದಿನಗಳಲ್ಲಿ ‘ಪದ್ರೊವಾದೊ’ ಎಂಬ ವ್ಯವಸ್ಥೆಯಿತ್ತು. ಪೋರ್ಚುಗಲ್ಲಿನ ಅರಸನು ಪೂರ್ವದೇಶಗಳಲ್ಲಿ ಇಗರ್ಜಿಗಳನ್ನು ಪೋಷಿಸಬೇಕು, ಗುರುಗಳನ್ನು ಸಾಕಬೇಕು. ಅದಕ್ಕೆ ಪ್ರತಿಯಾಗಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ಅವನದು. ಜಗದ್ಗುರುಗಳೇ ಒಪ್ಪಿ ಕೊಟ್ಟ ಹಕ್ಕು ಇದು. ಇದರ ತೊಡಕುಗಳನ್ನು ಕಂಡ ರೋಮ್, 1622ರಲ್ಲಿ ಧರ್ಮಪ್ರಸಾರಕ್ಕೆಂದು ತನ್ನದೇ ಆದ ‘ಪ್ರೊಪಗಾಂದಾ ಫಿದೆ’ ಎಂಬ ಮಂಡಳಿಯನ್ನು ಸ್ಥಾಪಿಸಿತು. ಆ ಮಂಡಳಿಯ ಪರವಾಗಿ ಗೋವೆಯವರೇ ಆದ ಧರ್ಮಾಧ್ಯಕ್ಷ ತೊಮಾಸ್ ದೆ ಕಾಸ್ತ್ರೊ ಅವರು ಕನ್ನಡ ಕರಾವಳಿಗೆ ಬಂದಾಗ, ಗೋವೆಯ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಒಂದೇ ವಿಶ್ವಾಸದ ಜನ ಎರಡು ಪಂಗಡವಾದರು. ಇವರು ಕೊಟ್ಟ ಸಂಸ್ಕಾರ ಸಿಂಧುವೋ ಅಲ್ಲವೋ ಎಂದು ಅವರಿಗೆ ಸಂಶಯ. ಅವರು ಕೊಟ್ಟದ್ದರ ಬಗ್ಗೆ ಇವರಿಗೆ. ಕುಟುಂಬಗಳ ಮದುವೆ, ಪಾಪನಿವೇದನೆಗಳೂ ಈ ಸಂಶಯಕ್ಕೆ ಸಿಕ್ಕಿದವು. ಜಗಳದ ಬೇರು ಧರ್ಮತತ್ವದಲ್ಲಿರಲಿಲ್ಲ. ಬಲಿಪೀಠದ ಮೇಲೆ ಅಧಿಕಾರ ಅರಸನದೋ ರೋಮಿನದೋ ಎಂಬುದರಲ್ಲಿತ್ತು.

ಈ ಬಿರುಕಿನ ನಡುವೆ, 1681ರಲ್ಲಿ, ಗೋವೆಯ ಕಡೆಯಿಂದಲೇ ಬಂದವರು ಮೂವತ್ತು ವಯಸ್ಸಿನ ಗುರು ಜೋಸೆಫ್ ವಾಜ್. ಅವರು ಕಾಸ್ತ್ರೊ ಅವರನ್ನು ಶತ್ರುವೆಂದು ಕಾಣಲಿಲ್ಲ. ರೋಮಿನ ತೀರ್ಪು ಬರುವವರೆಗೆ ಜನರ ಆತ್ಮಹಿತಕ್ಕೆ ತೊಂದರೆಯಾಗದಂತೆ ಹೊಂದಾಣಿಕೆ ಮಾಡಿಕೊಂಡು, ಇಗರ್ಜಿ ಮತ್ತು ಶಾಲೆಗಳ ಕೆಲಸದಲ್ಲಿ ತೊಡಗಿದರು. 1684ರಲ್ಲಿ ಹಿಂದಿರುಗಿ, ಗೋವೆಯಲ್ಲಿ ಓರೆಟೋರಿಯನ್ ಗುರುಗಳ ಸಂಘವನ್ನು ಕಟ್ಟಿ ಬೆಳೆಸಿದರು. 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಸಿಂಹಳಕ್ಕೆ ಹೋದರು.

ಸಿಂಹಳದ ಕಥೆ ಇನ್ನೂ ಅರ್ಥಪೂರ್ಣವಾದುದು. ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕ್ರೈಸ್ತರೇ. ಆದರೆ ಅವರ ಸರ್ಕಾರಕ್ಕೆ ಒಂದು ಪಂಗಡದ ಕ್ರೈಸ್ತಧರ್ಮ ಮಾತ್ರ ಬೇಕಿತ್ತು, ಕಥೋಲಿಕ ಗುರುಗಳಿಗೆ ನಿಷೇಧವಿತ್ತು. ವಾಜ್ ಅವರು ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಸೆರೆಮನೆ ಸೇರಬೇಕಾಯಿತು. ಅದುವರೆಗೆ ಶಿಲುಬೆ ಮತ್ತು ಪೋರ್ಚುಗಲ್ಲಿನ ಬಾವುಟ ಒಟ್ಟಿಗೇ ಬಂದಿದ್ದರಿಂದ ಜನರು ಎರಡನ್ನೂ ಬೇರೆಯಾಗಿ ಕಾಣಲಾರದಾಗಿದ್ದರು. ಆ ಸಂಶಯವನ್ನು ಕಳೆದದ್ದು ವಾದವಲ್ಲ, ಸೇವೆ. 1697ರಲ್ಲಿ ಸಿಡುಬು ಹರಡಿದಾಗ ಅವರು ರೋಗಿಗಳ ಆರೈಕೆಗೆ ನಿಂತರು. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ಆಶ್ರಯವಿತ್ತನು. ಬೆನ್ನಿಗೆ ಯಾವ ರಾಜಬಲವೂ ಇಲ್ಲದ ಈ ಗುರುವನ್ನು ಜಗದ್ಗುರು ಫ್ರಾನ್ಸಿಸ್ ಅವರು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಅತ್ತ ಅರಸನನ್ನೇ ನಂಬಿದ್ದ ವ್ಯವಸ್ಥೆ ಏನಾಯಿತು? 1834ರಲ್ಲಿ ಪೋರ್ಚುಗಲ್ಲಿನ ಸರ್ಕಾರ ಬದಲಾದ ರಾಜಕೀಯಕ್ಕೆ ತಕ್ಕಂತೆ ಸನ್ಯಾಸಿ ಸಭೆಗಳನ್ನು ರದ್ದುಪಡಿಸಿತು. 1835ರಲ್ಲಿ ಗೋವೆಯಲ್ಲಿಯೂ ಹಾಗೆಯೇ ಆಯಿತು. ಸಂತ ವಾಜರ ಓರೆಟೋರಿಯನ್ ಸಂಘವೂ ಮುಚ್ಚಿತು. ಸಾಕುವ ಕೈಗೆ ಮುಚ್ಚುವ ಅಧಿಕಾರವೂ ಇರುತ್ತದೆ.

ಈ ಪಾಠವನ್ನು ಧರ್ಮಸಭೆ ತಡವಾಗಿಯಾದರೂ ಕಲಿಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ರಾಜಕೀಯ ಸಮಾಜ ಮತ್ತು ಧರ್ಮಸಭೆ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಸ್ವತಂತ್ರವೆಂದು ಸಾರಿತು. ನ್ಯಾಯವಾಗಿ ಪಡೆದ ಸೌಲಭ್ಯವಾದರೂ ನಮ್ಮ ಸಾಕ್ಷ್ಯಕ್ಕೆ ಕಳಂಕ ತರುವುದಾದರೆ ಅದನ್ನು ತೊರೆಯಬೇಕೆಂದಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯು ಗುರುಗಳು ಸರ್ಕಾರಿ ಅಧಿಕಾರದ ಸ್ಥಾನ ಹಿಡಿಯುವುದನ್ನು ನಿಷೇಧಿಸಿತು. ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗುವುದನ್ನೂ ಸಾಮಾನ್ಯವಾಗಿ ತಡೆಯಿತು. ನಮ್ಮ ದೇಶದ ಕಾನೂನೂ ಇದೇ ದಾರಿಯಲ್ಲಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ವಿಧಿಯ ಪ್ರಕಾರ, ಅಭ್ಯರ್ಥಿಯ ಪರವಾಗಿ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚಾರ. ದೇವರ ಕೋಪದ ಭಯ ಹುಟ್ಟಿಸಿ ಮತವನ್ನು ತಿರುಗಿಸುವುದೂ ಅಪರಾಧ. 1988ರ ಕಾಯ್ದೆಯೊಂದು ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು ತಡೆಯುತ್ತದೆ. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿ, 1994ರಲ್ಲಿ, ಧರ್ಮನಿರಪೇಕ್ಷತೆ ಸಂವಿಧಾನದ ಮೂಲರಚನೆಯ ಭಾಗವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಹಾಗಾದರೆ ಗುರು ಮೌನವಾಗಿರಬೇಕೇ? ಇಲ್ಲ. ಇದಕ್ಕೂ ಸಾಗರದ ನೆಲದಲ್ಲಿಯೇ ಉತ್ತರವಿದೆ. 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರ ಅವರ ತಕರಾರುಗಳಲ್ಲಿ ಮುಖ್ಯವಾಗಿತ್ತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಮಾಜವಾದಿ ಪಕ್ಷದ ಮೂಲಕ ಬೆಂಬಲಿಸಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. 1952ರಲ್ಲಿ ಗೋಪಾಲಗೌಡರು ಶಾಸಕರಾದರು. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರದ ಕಾಲದಲ್ಲಿ ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಜಾರಿಗೆ ಬಂದಿತು.

ಅಂದು ಆ ಊರಿನಲ್ಲಿ ಒಬ್ಬ ಗುರುವಿದ್ದರೆ ಏನು ಹೇಳಬೇಕಿತ್ತು? ಗೋಪಾಲಗೌಡರಿಗೆ ಮತ ಹಾಕಿ ಎಂದಲ್ಲ, ಹಾಕಬೇಡಿ ಎಂದೂ ಅಲ್ಲ. ಆದರೆ ಕೊಳಗದ ಕುರಿತು ಮಾತನಾಡದೆ ಇರುವಂತಿರಲಿಲ್ಲ. ಕಳ್ಳ ಅಳತೆ ಪಾಪವೆಂದು ಪ್ರವಾದಿ ಆಮೋಸನು ಗುಡುಗಿದ್ದಾನೆ. ಅಳತೆಯ ನ್ಯಾಯ ದೇವರ ವಿಷಯ; ಆ ನ್ಯಾಯವನ್ನು ಯಾವ ಪಕ್ಷ ತಂದೀತೆಂಬುದು ಮತದಾರನ ವಿವೇಚನೆಯ ವಿಷಯ. ಮೊದಲನೆಯದನ್ನು ಹೇಳಲು ಧೈರ್ಯ ಬೇಕು, ಏಕೆಂದರೆ ದೊಡ್ಡ ಕೊಳಗದ ಒಡೆಯ ಮುಂದಿನ ಸಾಲಿನಲ್ಲಿಯೇ ಕುಳಿತಿರಬಹುದು. ಎರಡನೆಯದನ್ನು ಹೇಳದಿರಲು ಸಂಯಮ ಬೇಕು.

ಆ ಸಂಯಮ ನನಗೆ ಸದಾ ಇರಲಿಲ್ಲ. ಹಲವು ವರ್ಷಗಳ ಹಿಂದೆ, ಒಂದು ಚಿಕ್ಕ ಧರ್ಮಕೇಂದ್ರದಲ್ಲಿ, ಸ್ಮಶಾನಕ್ಕೆ ರಸ್ತೆ ಮಾಡಿಸುವ ಭರವಸೆ ಕೊಟ್ಟ ಅಭ್ಯರ್ಥಿಯೊಬ್ಬರ ಬಗ್ಗೆ ಪ್ರಬೋಧನೆಯ ಕೊನೆಯಲ್ಲಿ ಒಂದು ಸೂಚನೆಯ ಮಾತು ಆಡಿದೆ. ಹೆಸರು ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು. ಮುಂದಿನ ಭಾನುವಾರ ಎರಡು ಕುಟುಂಬಗಳು ಬರಲಿಲ್ಲ. ನಾನೇ ಅವರ ಮನೆಗೆ ಹೋದಾಗ ಹಿರಿಯರೊಬ್ಬರು ಕುರ್ಚಿ ಎಳೆದು ಕೂರಿಸಿ, ಕಾಫಿ ಕೊಟ್ಟು, ಮೆಲ್ಲನೆ ಹೇಳಿದರು: “ಫಾದರ್, ಅವರ ಮಾತು ಪೇಟೆಯಲ್ಲೇ ಕೇಳ್ತದೆ. ನಾವು ಇಗರ್ಜಿಗೆ ಬರೋದು ದೇವರ ಮಾತು ಕೇಳಲಿಕ್ಕೆ.” ನಾನು ಕ್ಷಮೆ ಕೇಳಿದೆ. ಕರಾವಳಿಯನ್ನು ಅಂದು ಸೀಳಿದ ಬಿರುಕಿನ ಒಂದು ಎಳೆಯನ್ನು ನನ್ನ ಕೈಯಾರೆ ಎಳೆದಿದ್ದೆನೆಂದು ಆಗ ಅರಿವಾಯಿತು.

ಆದುದರಿಂದ, ಪ್ರಿಯರೇ, ಮುಂದಿನ ಚುನಾವಣೆಯಲ್ಲಿ ಯಾರಿಗೆ ಮತ ಹಾಕಬೇಕೆಂದು ನಿಮ್ಮ ಗುರುಗಳನ್ನು ಕೇಳಬೇಡಿ. ನಮ್ಮೂರಿನಲ್ಲಿ ಇಂದು ಯಾವ ಕೊಳಗ ದೊಡ್ಡದಾಗಿದೆ, ಅದರಿಂದ ಯಾರಿಗೆ ಅನ್ಯಾಯವಾಗುತ್ತಿದೆ ಎಂದು ಕೇಳಿ. ಆ ಪ್ರಶ್ನೆಗೆ ಅವರು ಉತ್ತರಿಸದಿದ್ದರೆ ಬಿಡಬೇಡಿ. ಉತ್ತರ ದೊರೆತ ಮೇಲೆ ಮನೆಯವರೆಲ್ಲ ಕೂತು ಆಲೋಚಿಸಿ, ಪ್ರಾರ್ಥಿಸಿ, ನಿಮ್ಮ ಅಂತಃಸಾಕ್ಷಿ ಒಪ್ಪಿದವರಿಗೆ ಮತ ನೀಡಿ. ಸೀಸರನ ನಾಣ್ಯವನ್ನು ಕೈಯಲ್ಲಿ ಹಿಡಿದು ಪ್ರಭು ಯೇಸು ಕಲಿಸಿದ ಪಾಠ ಇದೇ ಅಲ್ಲವೇ? ನಾಣ್ಯದ ಮೇಲಿನ ಮುದ್ರೆ ಸೀಸರನದು. ಮನುಷ್ಯನ ಅಂತಃಸಾಕ್ಷಿಯ ಮೇಲಿನ ಮುದ್ರೆ ದೇವರದು.